ಹಿಮಚಿರತೆ ಹೋಟೆಲಿನಲ್ಲಿ ಬೀಗರೂಟ

ಕರಾಸು ಹಳ್ಳಿಯ ಶಾಲೆಯಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಓರಲ್ಬಾಯ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಕೇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಅವನು ಆಡಿದ ಮಾತೆಲ್ಲ ನಿಜವೇ. ಕೇಳಿದವರು ಅದಕ್ಕೆ ಉಪ್ಪು ಖಾರ ಹಚ್ಚಿದರು, ಅವನು ಬೇಡವೆನ್ನಲಿಲ್ಲ, ಅಷ್ಟೇ.

ಎಲ್ಲಕ್ಕೂ ಮೂಲ ಪಕ್ಕದ ಮನೆಯ ಜಿಬೆಕ್. ಹೋದ ಶರತ್ಕಾಲದಲ್ಲಿ ಅಳಿಯನ ಖರ್ಚಿನಲ್ಲಿ ದುಬೈಗೆ ಹೋಗಿದ್ದ ಈ ಮಹಾತಾಯಿ ಮೈಯಿಂದ ಊರಿಗೆ ಬಂದಿದ್ದರೂ ಬಾಯಿಂದ ಇನ್ನೂ ಬಂದಿರಲಿಲ್ಲ. ಅವಳ ಮನೆಗೆ ಟೀ ಕುಡಿಯಲು ಹೋದವರು ಫೋನಿನಲ್ಲಿ ಮುನ್ನೂರು ಫೋಟೋ ನೋಡದೆ ಹೊಸಿಲು ದಾಟುವಂತಿರಲಿಲ್ಲ. "ಇದು ಗೋಪುರ. ಇದು ನಾನು. ಇದು ಗೋಪುರದ ಮುಂದೆ ನಾನು. ಇಲ್ಲಿ ಗೋಪುರ ಕಾಣಲ್ಲ, ನಾನು ಅಡ್ಡ ನಿಂತಿದೀನಿ." ಓರಲ್ಬಾಯ್‌ನ ಹೆಂಡತಿ ಕುಲ್ಯಾಶ್ ಇದನ್ನೆಲ್ಲ ನೋಡಿ ಮನೆಗೆ ಬಂದು, ಒಲೆಯ ಮುಂದೆ ಕೂತು, ಉದ್ದನೆಯ ನಿಟ್ಟುಸಿರು ಬಿಡುತ್ತಿದ್ದಳು. ಮೂವತ್ತು ವರ್ಷ ಕಲ್ಲಿದ್ದಲ ಹೊಗೆ ಕುಡಿದ ಓರಲ್ಬಾಯ್‌ಗೆ ಯಾವ ಹೊಗೆಯನ್ನಾದರೂ ತಡೆದುಕೊಳ್ಳುವ ಶಕ್ತಿಯಿತ್ತು. ಹೆಂಡತಿಯ ನಿಟ್ಟುಸಿರನ್ನು ತಡೆದುಕೊಳ್ಳುವ ಶಕ್ತಿ ಮಾತ್ರ ಇರಲಿಲ್ಲ.

"ಏನು ಬೇಕು ಹೇಳೇ ಮುದುಕಿ," ಎಂದ ಒಂದು ದಿನ. ಇಬ್ಬರಿಗೂ ಇನ್ನೂ ಅರವತ್ತಾಗಿಲ್ಲ. ಆದರೆ ಆ ಊರಲ್ಲಿ ಗಂಡ ಹೆಂಡಿರು ಪ್ರೀತಿ ಹೆಚ್ಚಾದಾಗ ಹೀಗೇ ಕರೆದುಕೊಳ್ಳುವುದು.

"ದುಬೈ ಬೇಡ ಮುದುಕಾ. ಅಲ್ಮಾಟಿ ಬೆಟ್ಟದ ಮೇಲೆ ಹಿಮಚಿರತೆ ಅಂತ ಹೋಟೆಲಿದೆಯಲ್ಲ, ಟೀವೀಲಿ ಬರತ್ತೆ, ಗೋಡೆಯಷ್ಟು ದೊಡ್ಡ ಕಿಟಕಿ. ಆ ಕಿಟಕಿ ಮುಂದೆ ಕೂತು ಒಂದು ಟೀ ಕುಡೀಬೇಕು. ಅಷ್ಟು ಸಾಕು, ಆಮೇಲೆ ನಿಟ್ಟುಸಿರು ಬಿಡಲ್ಲ."

ಯೋಜನೆ ಸಿದ್ಧವಾಯಿತು. ಮೇ ತಿಂಗಳಲ್ಲಿ ಬಾಯ್ಲರ್ ಆರಿದ ಕೂಡಲೇ ಎರಡು ದಿನದ ಪ್ರಯಾಣ. ಬಸ್ಸಿನಲ್ಲಿ ಹೋಗುವುದು, ಬಸ್‌ಸ್ಟ್ಯಾಂಡ್ ಹತ್ತಿರದ 'ಜೋಲಾವ್ಷಿ' ಎಂಬ ಹಾಸ್ಟೆಲಿನ ಹನ್ನೆರಡು ಮಂಚದ ಕೋಣೆಯಲ್ಲಿ ಮಲಗುವುದು, ಊಟವನ್ನು ಊರಿನಿಂದಲೇ ಒಯ್ಯುವುದು, ಉಳಿದದ್ದರಲ್ಲಿ ಕೇಬಲ್ ಕಾರು ಹತ್ತಿ ಹಿಮಚಿರತೆಯಲ್ಲಿ ಒಂದೇ ಒಂದು ಟೀ ಕುಡಿಯುವುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತಾರೆ. ಓರಲ್ಬಾಯ್ ಚಾಚಿದ್ದು ಒಂದು ಕಾಲಿನ ಹೆಬ್ಬೆರಳು ಮಾತ್ರ.

ಆದರೆ ಬೇಲಿಯಾಚೆ ಜಿಬೆಕ್ ಇದ್ದಳು. "ಪೆಟ್ಟಿಗೆ ಒರೆಸ್ತಾ ಇದೀಯಾ? ಎಲ್ಲಿಗೆ ಸವಾರಿ?"

"ಅಲ್ಮಾಟಿಗೆ. ಹಿಮಚಿರತೆ ಹೋಟೆಲಿಗೆ."

ಜಿಬೆಕ್ ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟಳು. "ಆ ಬೆಟ್ಟದ ಮೇಲಿಂದಕ್ಕಾ? ರಾತ್ರಿ ಅಲ್ಲೇ ಇರ್ತೀರಾ?"

"ಮತ್ತಿನ್ನೇನು, ಮರದ ಮೇಲೆ ಇರ್ತೀವಾ?" ಎಂದ ಓರಲ್ಬಾಯ್.

ಗಮನಿಸಬೇಕು, ಇದು ಸುಳ್ಳಲ್ಲ. ಇದೊಂದು ಪ್ರಶ್ನೆ. ಪ್ರಶ್ನೆ ಕೇಳಿದ ತಪ್ಪಿಗೆ ಯಾವ ಕೋರ್ಟೂ ಯಾರಿಗೂ ಶಿಕ್ಷೆ ಕೊಟ್ಟಿಲ್ಲ.

ಸುದ್ದಿ ಬೇಲಿ ದಾಟಿ ಬೇಕರಿಗೆ ಹೋಗುವಷ್ಟರಲ್ಲಿ ಒಂದು ರೂಮು ಎರಡಾಗಿತ್ತು. ಪೋಸ್ಟಾಫೀಸಿನ ಹತ್ತಿರ ಅದಕ್ಕೆ ಬಾಲ್ಕನಿ ಬಂತು. ಮಸೀದಿಯ ಹತ್ತಿರ ಬಿಸಿನೀರಿನ ಕೊಳವೂ ಸೇರಿತು. ಮರುದಿನ ಹೆಡ್‌ಮಾಸ್ತರರು ಬಾಯ್ಲರ್ ಕೋಣೆಗೆ ತಾವಾಗಿ ಬಂದು, "ಓರಲ್ಬಾಯ್, ಲಾಟರಿ ಹೊಡೀತಾ? ಕೆಲಸ ಬಿಡೋದಾದ್ರೆ ಚಳಿಗಾಲದೊಳಗೆ ತಿಳಿಸಪ್ಪ," ಎಂದು ಕೈ ಕುಲುಕಿ ಹೋದರು. ಓರಲ್ಬಾಯ್ ಆ ಕೈಯನ್ನು ಎರಡು ದಿನ ನೋಡಿಕೊಂಡ. ಅವನಿಗೆ ಹಿತವಾಗಿತ್ತು, ನಿಜ ಹೇಳಬೇಕೆಂದರೆ ಬಹಳ ಹಿತವಾಗಿತ್ತು.

ಈ ಸುದ್ದಿ ಕೇಳಿ ಕೋಲೂರಿಕೊಂಡು ಬಂದವನು ಅವನ ದೊಡ್ಡಪ್ಪ, ಎಂಬತ್ಮೂರರ ಬೈಮುರಾತ್ ತಾತ. "ನಾನೂ ಬರ್ತೀನಿ. ಸಾಯೋದ್ರೊಳಗೆ ಒಂದ್ಸಲ ಮೋಡದ ಮೇಲೆ ಕೂತು ಟೀ ಕುಡೀಬೇಕು." ಹಿರಿಯರ ಮಾತಿಗೆ ಇಲ್ಲ ಎನ್ನುವುದು ಅಲ್ಲಿ ಯಾರ ನಾಲಿಗೆಗೂ ಬರುವುದಿಲ್ಲ. ಅದೂ ಬೈಮುರಾತ್ ತಾತನ ಮಾತಿಗೆ. ಊಟದ ಮುಂದೆ, ಪ್ರಯಾಣದ ಮುಂದೆ ಹಿರಿಯರು ಎರಡು ಅಂಗೈ ಎತ್ತಿ ಹರಸುವುದಕ್ಕೆ ಬಾತಾ ಅನ್ನುತ್ತಾರೆ. ಬಾತಾ ಶುರುವಾದರೆ ಸುತ್ತ ಇದ್ದವರೆಲ್ಲ ಅಂಗೈ ಎತ್ತಿ, ಕೊನೆಯಲ್ಲಿ ಆಮೀನ್ ಎಂದು ಮುಖ ಸವರಿಕೊಳ್ಳುವವರೆಗೆ ಕದಲಬಾರದು. ಬೇರೆಯವರ ಬಾತಾ ಅರ್ಧ ನಿಮಿಷ. ತಾತನದು ಶುರುವಾದರೆ ಆದಿ ಪುರುಷರಿಂದ ಹಿಡಿದು ಹಟ್ಟಿಯ ಕುರಿಗಳವರೆಗೆ ಎಲ್ಲರಿಗೂ ಪಾಲು. ಒಮ್ಮೆ ಅವನು ಮದುಮಗನನ್ನು ಹರಸಿ ಮುಗಿಸುವಷ್ಟರಲ್ಲಿ ಸೂಪಿನ ಮೇಲೆ ಕೊಬ್ಬು ಹೆಪ್ಪುಗಟ್ಟಿ ಬಟ್ಟಲು ತಲೆಕೆಳಗು ಮಾಡಿದರೂ ಚೆಲ್ಲಲಿಲ್ಲವಂತೆ.

ತಾತ ಹೊರಟ ಮೇಲೆ ಕುಲ್ಯಾಶಳ ತಮ್ಮ ಸುಮ್ಮನಿರುತ್ತಾನೆಯೇ? ಕುರಿ ಕಡಿದ. ಬೇಯಿಸಿದ ಮಾಂಸ, ಡಬ್ಬಿ ತುಂಬ ಅದರ ಸೂಪು, ಕುದುರೆ ಮಾಂಸವನ್ನು ಕರುಳಿಗೆ ತುಂಬಿದ ಉದ್ದನೆಯ ಕಜಿ, ಕರಿದ ಉಂಡೆರೊಟ್ಟಿ, ಎಲ್ಲಕ್ಕಿಂತ ಮೇಲೆ ಸುಟ್ಟು ಬೇಯಿಸಿದ ಕುರಿಯ ತಲೆ. ಪೆಟ್ಟಿಗೆ ತುಂಬಿತು. ಬಟ್ಟೆಗೆ ಜಾಗ ಉಳಿಯಲಿಲ್ಲ.

ಶನಿವಾರ ಸಂಜೆ ಮೂವರೂ ಜೋಲಾವ್ಷಿಯ ಕಬ್ಬಿಣದ ಮಂಚಗಳ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿದ್ದಾಗ ಮಗಳ ಫೋನು ಬಂತು. ಬೊತಾಗೊಜ್ ಅಲ್ಮಾಟಿಯ ಆಸ್ಪತ್ರೆಯಲ್ಲಿ ನರ್ಸು. ಅವಳಿಗೂ ದಾನಿಯಾರ್ ಎಂಬ ಹುಡುಗನಿಗೂ ಮದುವೆಯ ಮಾತು ನಡೆದಿತ್ತು. ಎರಡೂ ಕಡೆಯ ಹಿರಿಯರು ಇನ್ನೂ ಮುಖ ನೋಡಿರಲಿಲ್ಲ.

"ಅಪ್ಪಾ, ಹಿಮಚಿರತೇಲಿ ರೂಮು ಮಾಡಿದೀಯಾ?"

"ಯಾರು ಹೇಳಿದ್ದು?"

"ಜಿಬೆಕ್ ಆಂಟಿ. ನೀವು ಬಸ್ ಹತ್ತೋ ಫೋಟೋ ಹಾಕಿ, 'ನಮ್ಮ ನೆರೆಯವರು ಹಿಮಚಿರತೆಗೆ' ಅಂತ ಬರೆದಿದಾರೆ. ದಾನಿಯಾರ್ ಅಮ್ಮ ಅದನ್ನ ನೋಡಿದಾರೆ. ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬೀಗರನ್ನ ಕಾಣೋಕೆ ಅಲ್ಲಿಗೇ ಬರ್ತಾರಂತೆ!"

ಓರಲ್ಬಾಯ್ ಸುತ್ತ ನೋಡಿದ. ಎದುರು ಮಂಚದಲ್ಲಿ ಕಲ್ಲಂಗಡಿ ಹಣ್ಣಿನ ವ್ಯಾಪಾರಿಯೊಬ್ಬ ಕಾಲುಚೀಲ ಒಣಗಿಹಾಕುತ್ತಿದ್ದ.

"ಅಪ್ಪಾ, ಕೇಳಿಸ್ತಾ ಇದೆಯಾ? ಅವರು ಸಿಟಿ ಜನ. ಅವರಪ್ಪಂದು ರೈಲ್ವೇಲಿ ದೊಡ್ಡ ಕೆಲಸ. ಹುಡುಗಿ ಮನೆಯವರು ಬರೀ ಬಡಾಯಿ ಜನ ಅಂತ ಗೊತ್ತಾದ್ರೆ ಸಂಬಂಧ ಅಲ್ಲಿಗೇ ಮುಗೀತು. ನನಗೆ ನಾಳೆ ಡ್ಯೂಟಿ, ಬರಕ್ಕಾಗಲ್ಲ. ನನ್ನ ಮದುವೆ ನಿನ್ನ ಬಾಯಲ್ಲಿದೆ ಅಪ್ಪಾ, ದಯವಿಟ್ಟು ಅದನ್ನ ಮುಚ್ಕೊಂಡಿರು."

ಕುಲ್ಯಾಶ್ ತಲೆಯ ಮೇಲೆ ಕೈ ಹೊತ್ತಳು. "ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಮುದುಕಾ."

"ಮೊದಲನೇ ಸಲ ಮುಖ ನೋಡೋ ಬೀಗರಿಗೆ 'ನಾವು ಸುಳ್ಳುಗಾರರು, ಚೆನ್ನಾಗಿದೀರಾ' ಅನ್ನಲಾ?"

"ಬರಬೇಡಿ ಅಂದ್ರೆ?"

ಇದಕ್ಕೆ ತಾತನೇ ಮಂಚದಿಂದ ಗುಡುಗಿದ. "ಬರ್ತೀನಿ ಅಂದ ಬೀಗರನ್ನ ಬೇಡ ಅನ್ನೋದಾ? ಏಳು ತಲೆಮಾರು ಗೋರೀಲಿ ಮಗ್ಗುಲು ಬದಲಾಯಿಸತ್ತೆ!"

ಓರಲ್ಬಾಯ್ ಬಹಳ ಹೊತ್ತು ಯೋಚಿಸಿದ. ಯೋಚನೆ ಅವನಿಗೆ ಅಭ್ಯಾಸವಿಲ್ಲದ ಕೆಲಸ, ಹೀಗಾಗಿ ಹಣೆ ಬೆವರಿತು. ಕೊನೆಗೆ ಎದ್ದು ನಿಂತ. "ಹೋಟೆಲಲ್ಲಿ ಇರೋನಿಗೂ ಹೋಟೆಲಿಗೆ ಬಂದೋನಿಗೂ ಏನು ವ್ಯತ್ಯಾಸ? ಬಂದೋನು ಬೂಟು ಹಾಕಿರ್ತಾನೆ. ಇರೋನು ಮನೆಚಪ್ಪಲಿ ಹಾಕಿರ್ತಾನೆ! ನಾನು ಮನೆಚಪ್ಪಲೀಲಿ, ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಅಲ್ಲಿ ಓಡಾಡಿದ್ರೆ, ರೂಮಿಂದ ಇಳಿದು ಬಂದೋನು ಅಂತ ಕುರುಡನೂ ಹೇಳ್ತಾನೆ."

ಭಾನುವಾರ ಬೆಳಗ್ಗೆ ಕೇಬಲ್ ಕಾರು ಹತ್ತಿದ ಜನ ಒಂದು ಅಪರೂಪದ ದೃಶ್ಯ ಕಂಡರು. ಕಪ್ಪು ಕೋಟು, ಹೆಗಲ ಮೇಲೆ ಹಾಸ್ಟೆಲಿನ ನೀಲಿ ಟವೆಲು, ಕಾಲಿಗೆ ಚೌಕಳಿಯ ಉಣ್ಣೆ ಚಪ್ಪಲಿ. ಮೇಲೆ ಇಳಿದಾಗ ಮೇ ತಿಂಗಳಾದರೂ ಹಿಮ ಕರಗಿರಲಿಲ್ಲ. ಓರಲ್ಬಾಯ್ ಆ ಹಿಮದಲ್ಲಿ ಕೊಕ್ಕರೆಯ ಹಾಗೆ ಒಂದೊಂದೇ ಕಾಲೆತ್ತಿ ನಡೆದ.

ಆದರೆ ಆ ಹೋಟೆಲು! ಬಾಗಿಲು ತಾನಾಗಿ ತೆರೆಯಿತು. ಒಳಗೆ ಬೆಚ್ಚಗೆ, ಮೆತ್ತಗೆ, ಹೊಳೆಹೊಳೆಯುತ್ತ, ಕನ್ನಡಿಯಂಥ ನೆಲ. ಆಚೆ ಗೋಡೆಯಷ್ಟು ದೊಡ್ಡ ಕಿಟಕಿ, ಕಿಟಕಿಯ ತುಂಬ ಬಿಳಿಯ ಶಿಖರಗಳು. ಕುಲ್ಯಾಶ್ ಬಾಯಿ ಬಿಟ್ಟುಕೊಂಡು ನಿಂತುಬಿಟ್ಟಳು. ಬೀಗರು, ಭಯ, ಪೆಟ್ಟಿಗೆ ಎಲ್ಲ ಮರೆತು ಹೋಯಿತು. "ಮುದುಕಾ, ಟೀವೀಲಿ ಇರೋದಕ್ಕಿಂತ ದೊಡ್ಡದು," ಎಂದು ಪಿಸುಗುಟ್ಟಿದಳು. ಓರಲ್ಬಾಯ್‌ಗೆ ಆ ಮುಖ ನೋಡಿಯೇ ಹೊಟ್ಟೆ ತುಂಬಿತು. ಹಾಸ್ಟೆಲಿನ ಮಂಚ, ಬಸ್ಸಿನ ಕುಲುಕಾಟ ಎಲ್ಲ ಸಾರ್ಥಕವೆನಿಸಿತು.

ಕಿಟಕಿಯ ಪಕ್ಕದ ಸೋಫಾದಲ್ಲಿ ಕೂತು ಒಂದು ಟೀ ಹೇಳಿದರು. ಬಂದದ್ದು ಗುಬ್ಬಿ ಸ್ನಾನ ಮಾಡುವಷ್ಟು ದೊಡ್ಡ ಪಾತ್ರೆ. ಬೆಲೆ ಕೇಳಿದರೆ ಕರಾಸುವಿನಲ್ಲಿ ಆ ದುಡ್ಡಿಗೆ ಒಂದು ಕುರಿಮರಿ ಬರುತ್ತಿತ್ತು. ಪರಿಚಾರಿಕೆ ಮೊದಲ ಬಟ್ಟಲನ್ನು ಅಂಚಿನ ತನಕ ತುಂಬಿಸಿ ತಾತನ ಮುಂದಿಟ್ಟಳು. ತಾತನ ಮುಖ ಕೆಂಪಾಯಿತು. ಗೌರವ ಇರುವ ಮನೆಯಲ್ಲಿ ಟೀಯನ್ನು ಅರ್ಧ ಬಟ್ಟಲಿಗಿಂತ ಹೆಚ್ಚು ಬಗ್ಗಿಸುವುದಿಲ್ಲ. ಮತ್ತೆ ಮತ್ತೆ ಬಗ್ಗಿಸುವುದೇ ಮರ್ಯಾದೆ. ತುಂಬಿಸಿ ಕೊಟ್ಟರೆ, ಕುಡಿದು ಬೇಗ ಜಾಗ ಖಾಲಿ ಮಾಡು ಎಂದರ್ಥ.

"ಈ ಹುಡುಗಿ ನಮ್ಮನ್ನ ಓಡಿಸ್ತಾ ಇದಾಳೆ," ಎಂದ ತಾತ.

"ಇಲ್ಲ ತಾತ, ಇವರು ದೊಡ್ಡ ಮನಸ್ಸಿನೋರು, ಅದಕ್ಕೇ ತುಂಬಿಸ್ತಾರೆ," ಎಂದು ಕುಲ್ಯಾಶ್ ಸಮಾಧಾನ ಮಾಡಿ, ಮೇಲಂಗಿಯ ಒಳಗಿಂದ ತನ್ನ ಫ್ಲಾಸ್ಕ್ ತೆಗೆದು ಹೋಟೆಲಿನ ಪಾತ್ರೆಗೆ ಬಿಸಿನೀರು ಸೇರಿಸಿದಳು. ಒಂದು ಟೀ ಒಂಬತ್ತಾಯಿತು.

ಸರಿಯಾಗಿ ಹನ್ನೆರಡಕ್ಕೆ ಬೀಗರು ಬಂದರು. ಇಬ್ಬರಲ್ಲ, ಏಳು ಜನ. ಮುಂದೆ ಹುಡುಗನ ತಂದೆ ಸಾಗಿಂದಿಕ್, ಗರಿಗರಿ ಸೂಟು. ಪಕ್ಕದಲ್ಲಿ ತಾಯಿ ರಾಬಿಗಾ, ಕಿವಿಯಲ್ಲಿ ಇಷ್ಟಿಷ್ಟುದ್ದ ಬೆಳ್ಳಿ ಲೋಲಕ. ಹಿಂದೆ ಅತ್ತೆ, ಚಿಕ್ಕಪ್ಪ, ಅವರ ಬಾಲಂಗೋಚಿಗಳು. ಓರಲ್ಬಾಯ್ ಎದ್ದು, ಚಪ್ಪಲಿ ಚೆನ್ನಾಗಿ ಕಾಣುವಂತೆ ಒಂದು ಕಾಲು ಮುಂದಿಟ್ಟು ನಿಂತ.

"ಬೀಗರೇ! ರೂಮಿಂದ ಈಗ ತಾನೆ ಇಳಿದ್ರಾ?" ಎಂದ ಸಾಗಿಂದಿಕ್, ಚಪ್ಪಲಿ ನೋಡಿ.

"ನೋಡಿ, ನೀವೇ ಹೇಳ್ತಾ ಇದೀರಿ," ಎಂದ ಓರಲ್ಬಾಯ್.

ಅಪ್ಪಿಕೊಂಡದ್ದಾಯಿತು, ಕೆನ್ನೆಗೆ ಕೆನ್ನೆ ಒತ್ತಿದ್ದಾಯಿತು. ಆಮೇಲೆ ಸಾಗಿಂದಿಕ್ ಕೈ ಬೀಸಿದ. ಚಿಕ್ಕಪ್ಪ ಒಂದು ಗಂಟು ಬಿಚ್ಚಿದ. ಒಳಗಿಂದ ಹೊರಬಂತು ಒಂದು ಚಾಪಾನ್. ಬೀಗರಿಗೆ ಹೊದಿಸುವ ನಿಲುವಂಗಿಗಳನ್ನು ಓರಲ್ಬಾಯ್ ಬೇಕಾದಷ್ಟು ನೋಡಿದ್ದ, ಇಂಥದ್ದನ್ನಲ್ಲ. ಕಡುನೀಲಿ ಮಖಮಲ್ಲು, ಎದೆಯಿಂದ ಅಂಚಿನ ತನಕ ಬಂಗಾರದ ಕಸೂತಿ. ಅದು ಹೆಗಲೇರುತ್ತಿದ್ದಂತೆ ಅವನ ಬೆನ್ನು ತಾನಾಗಿ ನೆಟ್ಟಗಾಯಿತು. ಟವೆಲು ಒಳಗೆ ಸಿಕ್ಕಿಕೊಂಡಿತು.

ಆಮೇಲೆ ಏಳು ಜನರೂ ಕೂತು, ಕೈ ಕಟ್ಟಿಕೊಂಡು, ಓರಲ್ಬಾಯ್‌ನ ಮುಖವನ್ನೇ ನೋಡತೊಡಗಿದರು. ಬೀಗರು ಬಂದು ಮಾಂಸ ತಿನ್ನದೆ ಹೋದರೆ ಅದು ಬಂದ ಹಾಗೂ ಅಲ್ಲ, ಹೋದ ಹಾಗೂ ಅಲ್ಲ. ಹಿಮಚಿರತೆಯ ಅಡುಗೆ ಮನೆಯಿಂದ ಏಳು ಜನರಿಗೆ ಮಾಂಸ ತರಿಸಲು ಅವನು ಬಾಯ್ಲರಿನ ಜೊತೆ ಶಾಲೆಯನ್ನೂ ಮಾರಬೇಕಿತ್ತು.

ಆಗ ಕುಲ್ಯಾಶ್ ಎದ್ದಳು. ಆ ಹೆಂಗಸು ಮನೆಯಲ್ಲಿ ನಿಟ್ಟುಸಿರು ಬಿಡುತ್ತಾಳೆ ನಿಜ, ಆದರೆ ಬೀಗರ ಮುಂದೆ ಸಿಂಹಿಣಿ. "ಹೋಟೆಲ್ ಊಟ ನಾಯಿಗೂ ಬೇಡ," ಎಂದು ಸಾರಿದಳು. "ನಮ್ಮ ಬೀಗರಿಗೆ ನನ್ನ ಕೈಯಾರೆ ಬೇಯಿಸಿದ್ದು!" ಪೆಟ್ಟಿಗೆ ಬಾಯಿ ತೆರೆಯಿತು. ಗಾಜಿನ ನಾಲ್ಕು ಮೇಜು ಜೋಡಿಸಿ ಹೂವಿನ ಬಟ್ಟೆಯ ದಸ್ತರ್‌ಖಾನು ಹಾಸಿದಳು. ಕರಿದ ಉಂಡೆರೊಟ್ಟಿ ಉರುಳಿದವು, ಕಜಿ ಹೋಳಾಯಿತು, ನಟ್ಟನಡುವೆ ಸಾಗಿಂದಿಕ್‌ನ ಮುಂದೆ ಮುಖ್ಯ ಅತಿಥಿಗೆ ಸಲ್ಲಬೇಕಾದ ಕುರಿಯ ತಲೆ ಬಂದು ಕೂತಿತು. ಅದರ ಘಮ ಆ ಹೊಳೆಯುವ ನೆಲದ ಮೇಲೆ ಸಾಗಿ, ಲಿಫ್ಟಿನ ಹತ್ತಿರ ನಿಂತಿದ್ದ ತುಪ್ಪುಳದ ಕೋಟಿನ ಒಬ್ಬ ಶ್ರೀಮಂತೆಯ ಮೂಗಿಗೆ ಹೊಡೆಯಿತು. ಅವಳು ಲಿಫ್ಟು ಬಿಟ್ಟು ಇತ್ತ ತಿರುಗಿದಳು.

ಅವಳಿಗಿಂತ ಮುಂಚೆ ಬಂದವನು ಹೋಟೆಲಿನ ಮ್ಯಾನೇಜರು. ತೆಳ್ಳನೆಯ ಯುವಕ, ಎದೆಯ ಮೇಲೆ ಎಲ್ದಾರ್ ಎಂಬ ಹೆಸರಿನ ಪಟ್ಟಿ, ಹಿಂದೆ ಇಬ್ಬರು ಕಾವಲುಗಾರರು. "ಕ್ಷಮಿಸಿ, ಹೊರಗಿನ ಆಹಾರ ಇಲ್ಲಿ..."

ತಾತ ಅಂಗೈ ಎತ್ತಿದ.

ಇಡೀ ಹಜಾರ ನಿಂತಲ್ಲೇ ನಿಂತಿತು. ಮ್ಯಾನೇಜರನ ಕೈ ತಾನಾಗಿ ಮೇಲೆದ್ದಿತು. ಕಾವಲುಗಾರರ ಕೈ ಎದ್ದಿತು. ಅತ್ತ ಕೌಂಟರಿನ ಹುಡುಗಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿ ಅಂಗೈ ತೆರೆದಳು. ಸಾಮಾನು ಹೊರುವವನು ಪೆಟ್ಟಿಗೆಯನ್ನು ತನ್ನ ಕಾಲ ಮೇಲೇ ಬಿಟ್ಟುಕೊಂಡ.

"ದಾರಿ ತೆರೆದಿರಲಿ, ದಸ್ತರ್‌ಖಾನು ತುಂಬಿರಲಿ," ಎಂದು ತಾತ ಶುರು ಮಾಡಿದ. ಹುಡುಗ ಹುಡುಗಿಯನ್ನು ಹರಸಿದ. ಅವರಿಗೆ ಹುಟ್ಟುವ ಒಂಬತ್ತು ಮಕ್ಕಳನ್ನು ಹರಸಿದ. ಆ ಮಕ್ಕಳು ಏರುವ ಕುದುರೆಗಳನ್ನು ಬಣ್ಣ ಬಣ್ಣದ ಪ್ರಕಾರ ಹರಸಿದ. ಕಿಟಕಿಯಾಚೆ ಒಂದು ಮೋಡ ಶಿಖರದ ಎಡಕ್ಕಿದ್ದದ್ದು ಬಲಕ್ಕೆ ಹೋಯಿತು. "ಆಮೀನ್!"

ಮ್ಯಾನೇಜರು ಮುಖ ಸವರಿಕೊಂಡು ಬಾಯಿ ತೆರೆದ. "ಅಜ್ಜಾ, ಇಲ್ಲಿ ನಿಯಮ..."

"ನಿನ್ನ ಹೆಸರೇನು ಮಗಾ? ಎಲ್ದಾರಾ? ಯಾವ ಕುಲ? ಏಳು ತಲೆಮಾರಿನ ಹಿರಿಯರ ಹೆಸರು ಹೇಳು ನೋಡೋಣ."

ಎಲ್ದಾರ್ ನಾಲ್ಕು ಹೇಳಿ ಐದನೆಯದಕ್ಕೆ ತಡವರಿಸಿದ. ಕಾವಲುಗಾರರ ಮುಂದೆ ಅವನ ಕಿವಿ ಕೆಂಪಗಾಯಿತು. ತಾತನಿಗೆ ಕನಿಕರ ಬಂತು. "ಪಾಪ, ಕೆಲಸದ ಗಡಿಬಿಡಿ. ಮರೆವು ಹೋಗಲಿ ಅಂತ ಒಂದು ಬಾತಾ," ಎಂದು ಮತ್ತೆ ಅಂಗೈ ಎತ್ತಿದ. ಮತ್ತೆ ಎಲ್ಲ ಕೈಗಳೂ ಎದ್ದವು. ಈ ಸಲ ತುಪ್ಪುಳದ ಕೋಟಿನವಳ ಕೈಯೂ ಎದ್ದಿತು, ಒಂದರಲ್ಲಿ ಆಗಲೇ ಒಂದು ಉಂಡೆರೊಟ್ಟಿ ಇತ್ತು. ಇಬ್ಬರು ವಿದೇಶಿಗಳು ಇದು ಹೋಟೆಲಿನ ದೈನಂದಿನ ಕಾರ್ಯಕ್ರಮವೆಂದು ಭಾವಿಸಿ ಫೋಟೋ ತೆಗೆದು, ಚಪ್ಪಾಳೆ ತಟ್ಟಿ, ಕಜಿಗೆ ಸಾಲು ನಿಂತರು. ಕುಲ್ಯಾಶ್ ಸಂಭ್ರಮದಿಂದ ಎಲ್ಲರಿಗೂ ಬಡಿಸಿದಳು. ಯಾರ ಬಟ್ಟಲಿಗೂ ಅರ್ಧಕ್ಕಿಂತ ಹೆಚ್ಚು ಟೀ ಹಾಕಲಿಲ್ಲ.

ಈ ಗದ್ದಲದಲ್ಲಿ ಓರಲ್ಬಾಯ್‌ಗೆ ಮಾತ್ರ ತುತ್ತು ಇಳಿಯಲಿಲ್ಲ. ಸಾಗಿಂದಿಕ್ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದ. ಓರಲ್ಬಾಯ್ ಮಾಂಸಕ್ಕೆ ಕೈ ಹಾಕಿದರೆ, "ಬೀಗರೇ, ಮೆಲ್ಲಗೆ," ಎನ್ನುತ್ತಿದ್ದ. ಸೂಪಿನ ಬಟ್ಟಲು ಎತ್ತಿದರೆ ತಾನೇ ಎದ್ದು ಅದನ್ನು ದೂರ ಸರಿಸುತ್ತಿದ್ದ. ಸೆಖೆಗೆ ಚಾಪಾನಿನ ತೋಳು ಮಡಿಸಹೋದರೆ, "ಮಡಿಸಬೇಡಿ! ನಿರಿಗೆ ಬೀಳತ್ತೆ!" ಎಂದು ಕಿರುಚಿದ. ಒಳಗಿನ ಹಾಸ್ಟೆಲ್ ಟವೆಲಿನ ತುದಿ ಕಂಡಿರಬೇಕು ಎಂದುಕೊಂಡು ಓರಲ್ಬಾಯ್ ಚಾಪಾನನ್ನು ಇನ್ನೂ ಬಿಗಿಯಾಗಿ ಸುತ್ತಿಕೊಂಡ. ಸಾಗಿಂದಿಕ್ ಇನ್ನೂ ಬಿಳಿಚಿದ.

ಕೊನೆಗೆ ಸೋತ ಎಲ್ದಾರ್ ಒಂದು ತುಂಡು ಕಜಿ ಬಾಯಿಗೆ ಹಾಕಿಕೊಂಡು, ಒಂದು ಚೀಟಿ ತೆಗೆದ. "ಆಯ್ತು ಅಜ್ಜಾ, ಊಟ ಮುಗಿಸಿ. ನಾನು ಮೇಲಿನವರಿಗೆ ಬರೆದು ಕೊಡಬೇಕು, ಅಷ್ಟೇ. ನಿಮ್ಮ ರೂಮ್ ನಂಬರ್ ಎಷ್ಟು ಸಾರ್?"

ಏಳು ಜೊತೆ ಕಣ್ಣು ಓರಲ್ಬಾಯ್ ಕಡೆ ತಿರುಗಿದವು. ಅವನ ಮುಂದೆ ರೊಟ್ಟಿಯಿತ್ತು. ರೊಟ್ಟಿಯ ಮುಂದೆ ಸುಳ್ಳು ಹೇಳಿದವನ ಕಣ್ಣು ಹೋಗುತ್ತದೆ ಎಂದು ಅಜ್ಜಿ ಹೇಳಿದ್ದಳು. ಮಗಳ ಮದುವೆ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಊಟಕ್ಕೆ ಕೂತೋರ ಹತ್ರ ರೂಮ್ ನಂಬರ್ ಕೇಳ್ತಾರೇನ್ರೀ?" ಎಂದು ಗುಡುಗಿದವನು ಸಾಗಿಂದಿಕ್! "ಇದೇನು ಮರ್ಯಾದೆ?"

"ಹಾಗಾದ್ರೆ ನಿಮ್ಮ ಕಾರಿನ ನಂಬರ್ ಕೊಡಿ ಸಾರ್, ಪಾರ್ಕಿಂಗ್ ಲೆಕ್ಕಕ್ಕೆ..."

ಸಾಗಿಂದಿಕ್ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಋಣ ತೀರಿಸುವ ಸರದಿ ಓರಲ್ಬಾಯ್‌ನದಾಯಿತು. "ನಮ್ಮ ಬೀಗರ ಕಾರು ಎಣಿಸ್ತೀಯಾ? ತಾತಾ, ಇವನಿಗೆ ಇನ್ನೊಂದು ಬಾತಾ!"

ಎಲ್ದಾರ್ ಓಡಿಹೋದ.

ನಾಲ್ಕು ಗಂಟೆಗೆ ಬೀಗರು ಎದ್ದರು. ಕುಲ್ಯಾಶ್ ಪ್ರತಿಯೊಬ್ಬರಿಗೂ ಉಳಿದ ಮಾಂಸ ರೊಟ್ಟಿಯ ಪೊಟ್ಟಣ ಕಟ್ಟಿ ಕೊಟ್ಟಳು. ಔತಣದ ಪ್ರಸಾದ ಮನೆಯಲ್ಲಿರುವವರಿಗೆ ಹೋಗದಿದ್ದರೆ ಔತಣ ಅರ್ಧ. ಕಾವಲುಗಾರರಿಗೆ ಎರಡು, ಎಲ್ದಾರ್‌ಗೆ ಒಂದು, ತುಪ್ಪುಳದ ಕೋಟಿನವಳು ಕೇಳಿ ಪಡೆದದ್ದು ಒಂದು.

"ನೀವು ರೂಮಿಗೆ ಹೋಗಿ ವಿಶ್ರಾಂತಿ ತಗೊಳ್ಳಿ," ಎಂದ ಸಾಗಿಂದಿಕ್. "ನಮ್ಮ ಡ್ರೈವರ್ ಕೆಳಗೆ ಬರೋ ಹೊತ್ತಾಯ್ತು. ಅವನು ಒಂದು ನಿಮಿಷ ತಡ ಮಾಡಲ್ಲ." ಹೀಗೆಂದವನು ಹೊರಡದೆ ಚಾಪಾನಿನ ಅಂಚನ್ನು ಹಿಡಿದು ನಿಂತ. "ಬೀಗರೇ... ಈ ಚಾಪಾನು..."

"ಜೀವ ಇರೋವರೆಗೂ ಮೈಮೇಲಿಂದ ತೆಗೆಯಲ್ಲ!" ಎಂದ ಓರಲ್ಬಾಯ್ ಕಣ್ಣೀರು ತುಂಬಿ. ಸಾಗಿಂದಿಕ್‌ನ ಕಣ್ಣಲ್ಲೂ ನೀರು ಬಂತು.

ಮೂವರೂ ಪೆಟ್ಟಿಗೆಯೊಂದಿಗೆ ಲಿಫ್ಟು ಹೊಕ್ಕರು. ಬಾಗಿಲು ಮುಚ್ಚಿತು. ಓರಲ್ಬಾಯ್ ಗುಂಡಿ ಒತ್ತಿದ. ಲಿಫ್ಟು ಅಲುಗಲಿಲ್ಲ. ರೂಮಿನವರ ಕಾರ್ಡು ತೋರಿಸದೆ ಅದು ಹತ್ತುವುದಿಲ್ಲವೆಂದು ಅವನಿಗೆ ಯಾರು ಹೇಳಬೇಕು? ಬಾಗಿಲು ಮತ್ತೆ ತೆರೆಯಿತು. ಬೀಗರು ಅಲ್ಲೇ ನಿಂತಿದ್ದರು, ಕೈ ಬೀಸಿದರು. ಇವರೂ ಬೀಸಿದರು. ಮುಚ್ಚಿತು, ತೆರೆಯಿತು, ಬೀಸಿದರು. ಮೂರನೆಯ ಸಲ ರಾಬಿಗಾ, "ಬೀಗರಿಗೆ ನಮ್ಮನ್ನ ಬಿಟ್ಟು ಹೋಗೋಕೆ ಮನಸ್ಸೇ ಇಲ್ಲ!" ಎಂದು ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ಸ್ನಾನದ ನಿಲುವಂಗಿಯ ಒಬ್ಬ ದಪ್ಪ ಮನುಷ್ಯ ಒಳಗೆ ಬಂದು ಕಾರ್ಡು ಮುಟ್ಟಿಸಿದ. ಲಿಫ್ಟು ಮೇಲೇರಿತು. ಓರಲ್ಬಾಯ್ ಅವನ ಪಾದ ನೋಡಿದ. ಬಿಳಿಯ ಮನೆಚಪ್ಪಲಿ!

"ನೋಡಿದ್ಯಾ ಮುದುಕಿ?" ಎಂದು ಹೆಂಡತಿಯನ್ನು ಮೊಣಕೈಯಿಂದ ತಿವಿದ. ಬೀಗರು ಬಂದ ಮೇಲೆ ಅವನಿಗೆ ಸಿಕ್ಕ ಒಂದೇ ಶುದ್ಧ ಸಂತೋಷ ಅದು.

ನಾಲ್ಕನೆಯ ಮಹಡಿಯ ಮೂಲೆಯಲ್ಲಿ ಮುಕ್ಕಾಲು ಗಂಟೆ ನಿಂತರು. ಹಾಸಿಗೆ ಬದಲಿಸುವ ಹೆಂಗಸನ್ನು ತಾತ ಎರಡು ಸಲ ಹರಸಿದ. ಬೀಗರು ಹೋಗಿರಬೇಕು ಎನಿಸಿದ ಮೇಲೆ ಮೆಟ್ಟಿಲಿಳಿದು, ಹಿಂಬಾಗಿಲಿನಿಂದ ನುಸುಳಿ, ಕೇಬಲ್ ಕಾರಿನಲ್ಲಿ ಕೆಳಗೆ ಬಂದು, ಹೊರಡಲು ನಿಂತಿದ್ದ ಸಿಟಿ ಬಸ್ಸಿಗೆ ಓಡಿ ಹತ್ತಿದರು.

ಹಿಂದಿನ ಸೀಟಿನಲ್ಲಿ ಏಳು ಜನ, ಮಡಿಲಲ್ಲಿ ಒಂದೊಂದು ಮಾಂಸದ ಪೊಟ್ಟಣ ಇಟ್ಟುಕೊಂಡು, ಸಾಲಾಗಿ ಕೂತಿದ್ದರು.

ಬಸ್ಸು ಹೊರಟಿತು. ಓರಲ್ಬಾಯ್ ಬಂಗಾರದ ಚಾಪಾನು, ಒದ್ದೆ ಚಪ್ಪಲಿಯಲ್ಲಿ ಕಂಬಿ ಹಿಡಿದು ತೂಗಾಡುತ್ತಿದ್ದ. ಎರಡು ಸ್ಟಾಪು ಹೀಗೇ ಕಳೆಯಿತು.

"ನಮ್ಮ ಡ್ರೈವರು," ಎಂದ ಸಾಗಿಂದಿಕ್ ಕೊನೆಗೆ, ಬಸ್ಸಿನ ಮುಂಭಾಗ ತೋರಿಸುತ್ತ. "ಮೊದಲಿನ ಬಸ್ಸಲ್ಲಿ ಜಾಗ ಇರ್ಲಿಲ್ಲ."

"ನಮ್ಮ ರೂಮು," ಎಂದ ಓರಲ್ಬಾಯ್, ಕೆಳಗೆ ಪೇಟೆಯ ಬಸ್‌ಸ್ಟ್ಯಾಂಡ್ ದಿಕ್ಕು ತೋರಿಸುತ್ತ. "ಹನ್ನೆರಡು ಮಂಚ."

ಆಗಲೇ ಸಾಗಿಂದಿಕ್‌ನ ಫೋನು ಬಡಿದುಕೊಂಡಿತು. ಆಚೆಯಿಂದ ಒಂದು ಹೆಣ್ಣು ದನಿ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿತ್ತು. "ಬಾಡಿಗೆ ಚಾಪಾನು ಆರು ಗಂಟೆಯೊಳಗೆ ಬರಬೇಕು ಅಂತ ಹೇಳಿದ್ದೆ! ಆರೂವರೆಗೆ ಬೇರೆ ಬೀಗರು ಕಾಯ್ತಾ ಇದಾರೆ!"

ಸಾಗಿಂದಿಕ್ ತಲೆ ತಗ್ಗಿಸಿದ. "ಹಿಮಚಿರತೇಲಿ ಇರೋ ಬೀಗರು ಅಂತ ಕೇಳಿ ಎದೆ ಒಡೆದು ಹೋಯ್ತು. ಅಂಥೋರಿಗೆ ನಮ್ಮ ಮನೇಲಿರೋ ಹತ್ತಿ ಚಾಪಾನು ಹೊದಿಸೋಕಾಗತ್ತಾ? ರೈಲ್ವೇಲಿ ದೊಡ್ಡ ಕೆಲಸ ಅಂತ ಹೇಳಿರ್ತಾರೆ ನಿಮಗೆ. ದೊಡ್ಡದೇ. ಬೋಗಿ ಒಂದೊಂದೂ ಇಪ್ಪತ್ತೈದು ಮೀಟರ್ ಉದ್ದ. ತೊಳೀತೀನಿ."

ಓರಲ್ಬಾಯ್ ಚಾಪಾನು ಕಳಚಿದ. ಒಳಗಿನ ಟವೆಲು ಬಿಚ್ಚಿಕೊಂಡು ಎಲ್ಲರ ಮುಂದೆ ತೂಗಿತು. ಅದರ ಮೇಲೆ ಅಚ್ಚೊತ್ತಿದ್ದನ್ನು ರಾಬಿಗಾ ಗಟ್ಟಿಯಾಗಿ ಓದಿದಳು. "ಜೋಲಾವ್ಷಿ ಹಾಸ್ಟೆಲ್. ಕದಿಯಬೇಡಿ."

ಮೊದಲು ನಕ್ಕವಳು ಕುಲ್ಯಾಶ್. ಆಮೇಲೆ ರಾಬಿಗಾ. ಲೋಲಕ ಕುಣಿಸುತ್ತ, ಕಣ್ಣೊರೆಸುತ್ತ, "ಬೀಗಿತ್ತೀ, ಬೆಳಗ್ಗೆಯಿಂದ ಇವರು ಸೂಪು ಸೂಪು ಅಂತ ನಡುಗ್ತಾ ಇದ್ರು," ಎಂದಳು. "ನಮ್ಮೋರು ಟವೆಲು ಟವೆಲು ಅಂತ ಬೆವರ್ತಾ ಇದ್ರು," ಎಂದಳು ಕುಲ್ಯಾಶ್. ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಚಿಕ್ಕಪ್ಪ ನಕ್ಕ, ಅತ್ತೆ ನಕ್ಕಳು, ಏನೆಂದು ಗೊತ್ತಿಲ್ಲದ ಪ್ರಯಾಣಿಕರೂ ನಕ್ಕರು. ಸಾಗಿಂದಿಕ್ ಎದ್ದು ಬಂದು ಓರಲ್ಬಾಯ್‌ನನ್ನು ಅಪ್ಪಿಕೊಂಡ. ಮಧ್ಯಾಹ್ನದ ಅಪ್ಪುಗೆಗಿಂತ ಇದು ಬಿಗಿಯಾಗಿತ್ತು.

"ಮದುವೆ ಅಕ್ಟೋಬರಲ್ಲಿ ಇಟ್ಕೊಳ್ಳೋಣ," ಎಂದ.

"ಬಾಯ್ಲರ್ ಹಚ್ಚೋಕೆ ಮುಂಚೆ," ಎಂದ ಓರಲ್ಬಾಯ್.

ಶುಭ ಮಾತು ಕಿವಿಗೆ ಬಿದ್ದದ್ದೇ ಮುಂದಿನ ಸೀಟಿನಲ್ಲಿ ತಾತ ಅಂಗೈ ಎತ್ತಿದ. ಬಸ್ಸಿನಲ್ಲಿದ್ದವರೆಲ್ಲ ಎತ್ತಿದರು. ಕೆಂಪು ದೀಪಕ್ಕೆ ನಿಂತಿದ್ದ ಡ್ರೈವರನೂ ಚಕ್ರ ಬಿಟ್ಟ.

"ತಾತಾ, ಮುಂದಿನ ಸ್ಟಾಪೇ ಚಾಪಾನಿನ ಅಂಗಡಿ. ಆರು ಗಂಟೆಗೆ ಐದೇ ನಿಮಿಷ," ಎಂದು ಅಂಗಲಾಚಿದ ಸಾಗಿಂದಿಕ್.

ತಾತ ಒಂದು ಗಳಿಗೆ ಯೋಚಿಸಿದ. ಎಂಬತ್ಮೂರು ವರ್ಷದಲ್ಲಿ ಅವನು ಹಾಗೆ ಮಾಡಿದ್ದಿಲ್ಲ, ಮುಂದೆ ಮಾಡಿದ್ದೂ ಇಲ್ಲ.

"ಒಂದೇ ಬಸ್ಸಿನೋರು. ಒಂದಾಗಿರಿ. ಆಮೀನ್."

ಬಾಗಿಲು ತೆರೆಯಿತು. ಅಲ್ಮಾಟಿಯ ಆ ದೊಡ್ಡ ಬೀದಿಯಲ್ಲಿ ಇಬ್ಬರು ಗಂಡಸರು, ಒಬ್ಬ ಸೂಟಿನಲ್ಲಿ, ಒಬ್ಬ ಚೌಕಳಿ ಚಪ್ಪಲಿಯಲ್ಲಿ, ನಿರಿಗೆ ಬೀಳದಂತೆ ಚಾಪಾನಿನ ಎರಡು ತುದಿ ಹಿಡಿದುಕೊಂಡು ಓಡತೊಡಗಿದರು. ಓರಲ್ಬಾಯ್‌ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅದನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡ.

"ಅಪ್ಪಾ, ಏನಾಯ್ತು? ಅವರಿಗೆ ಗೊತ್ತಾಗಲಿಲ್ಲ ತಾನೆ?"

"ಎಲ್ಲಾ ಗೊತ್ತಾಯ್ತು!"

"ಅಯ್ಯೋ ದೇವರೇ! ಯಾಕಪ್ಪಾ ಹಾಗೆ ಏದುಸಿರು ಬಿಡ್ತಾ ಇದೀಯಾ?"

"ಓಡ್ತಾ ಇದೀನಿ ಮಗಳೇ!"

"ಯಾರು ಅಟ್ಟಿಸ್ಕೊಂಡು ಬರ್ತಾ ಇದಾರೆ?"

"ಯಾರೂ ಇಲ್ಲ," ಎಂದ ಓರಲ್ಬಾಯ್. "ಬೀಗರೂ ಜೊತೇಲೇ ಓಡ್ತಾ ಇದಾರೆ."